ರಿಮೋಟ್ ಶಾಕ್ ಬೆಲ್ಟ್ ಕಟ್ಟಿದರೆ ಮುಧೋಳ ನಾಯಿ ಕುರಿ ಬೆನ್ನಟ್ಟುವುದನ್ನು ಬಿಡುತ್ತದೆಯೇ?

ಪ್ರಶ್ನೆ: ನಾವು ಗದಗ ಜಿಲ್ಲೆಯ ರೋಣ ತಾಲೂಕಿನವರು. ಹೊಲದ ಮನೆಯಲ್ಲಿ 14 ತಿಂಗಳ ಗಂಡು ಮುಧೋಳ ನಾಯಿ ಇದೆ, ಹೆಸರು ಸರ್ಜಾ. ಮನೆಮಂದಿ ಜೊತೆ ಬಹಳ ಸಾಧು. ಆದರೆ ಕುರಿ ಕಂಡರೆ ಕೈಗೆ ಸಿಗುವುದಿಲ್ಲ. ಹೋದ ತಿಂಗಳು ನಮ್ಮ ಹೊಲದ ಹತ್ತಿರ ಬೀಡುಬಿಟ್ಟಿದ್ದ ಕುರಿಗಾಹಿಗಳ ಮರಿಯೊಂದನ್ನು ಕೊಂದುಹಾಕಿತು. ದುಡ್ಡು ಕೊಟ್ಟು, ಕೈಮುಗಿದು ಬಂದೆವು. ಬೆಂಗಳೂರಿನಲ್ಲಿರುವ ನಮ್ಮ ಅಳಿಯ ಆನ್‌ಲೈನ್‌ನಲ್ಲಿ ರಿಮೋಟ್ ಶಾಕ್ ಬೆಲ್ಟ್ ತರಿಸಿ ಕೊಟ್ಟಿದ್ದಾರೆ. ಅದರಲ್ಲಿ 1ರಿಂದ 99ರವರೆಗೆ ನಂಬರ್ ಇದೆ. ಎಷ್ಟಕ್ಕೆ ಇಡಬೇಕು, ಯಾವಾಗ ಒತ್ತಬೇಕು ತಿಳಿಸಿರಿ. ಹೊಲದ ಸುತ್ತ ಝಟಕಾ ತಂತಿ ಹಾಕೀವಿ, ಒಮ್ಮೆ ತಾಗಿದ ಹಂದಿ ಮತ್ತ ಆ ಕಡೆ ಹಾಯೂದಿಲ್ಲ. ನಾಯಿಗೂ ಹಂಗ ಅಲ್ಲೇನ್ರಿ?

ಉತ್ತರ: ಮೊದಲಿಗೇ ಹೇಳಿಬಿಡುತ್ತೇನೆ, ಆ ಬೆಲ್ಟನ್ನು ಸರ್ಜಾನ ಕೊರಳಿಗೆ ಕಟ್ಟಬೇಡಿ. ವಾಪಸ್ ಮಾಡುವ ಅವಧಿ ಇನ್ನೂ ಇದ್ದರೆ ಇವತ್ತೇ ವಾಪಸ್ ಮಾಡಿ. ಅದೇ ದುಡ್ಡಿನಲ್ಲಿ 15 ಮೀಟರ್ ನೈಲಾನ್ ಹಗ್ಗ, ಒಂದು ಗಟ್ಟಿ ಎದೆಪಟ್ಟಿ (ಹಾರ್ನೆಸ್), ಒಂದು ಸೀಟಿ ಕೊಳ್ಳಿ. ಯಾಕೆ ಬೇಡ, ಅದರ ಬದಲು ಏನು ಮಾಡಬೇಕು ಎರಡನ್ನೂ ವಿವರವಾಗಿ ಬರೆಯುತ್ತೇನೆ. ಕೊಂಚ ಉದ್ದವಾಗುತ್ತದೆ. ಆದರೆ ಒಂದು ಮರಿ ಆಗಲೇ ಸತ್ತಿದೆ, ಇನ್ನೊಂದು ಸತ್ತರೆ ಸರ್ಜಾನ ಜೀವಕ್ಕೇ ಕುತ್ತು ಬರುತ್ತದೆ. ಕುರಿ ಹಿಡಿದ ನಾಯಿಗೆ ವಿಷ ಇಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಿಮ್ಮ ಝಟಕಾ ತಂತಿಯ ಮಾತು ನನಗೆ ತುಂಬ ಹಿಡಿಸಿತು. ಈ ವಿಷಯ ಅರ್ಥವಾಗುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ತಂತಿ ಎಲ್ಲಿರುತ್ತದೆ? ಹೊಲದ ಬದುವಿನ ಮೇಲೆ, ಇವತ್ತೂ ಅಲ್ಲೇ, ನಾಳೆಯೂ ಅಲ್ಲೇ. ಹಂದಿ ಮೂತಿ ಚಾಚುತ್ತದೆ, ತಂತಿ ಮೂತಿಗೆ ತಾಗುತ್ತದೆ, ತಾಗಿದ ಕ್ಷಣವೇ ಹೊಡೆಯುತ್ತದೆ. ಹಂದಿಗೆ ತಂತಿ ಕಾಣುತ್ತದೆ, ಅದರ ವಾಸನೆ ಗೊತ್ತಾಗುತ್ತದೆ, ಹಿಂದೆ ಸರಿದರೆ ನೋವು ನಿಲ್ಲುತ್ತದೆ. ಅಲ್ಲಿ ಯಾರ ಹೆಬ್ಬೆರಳೂ ಇಲ್ಲ. ಹಂದಿ ಕಲಿಯುವುದು ಇಷ್ಟೇ: ಈ ದಾರ ಮುಟ್ಟಬಾರದು. ಅದು ಸರಿಯಾದ ಪಾಠ, ಯಾಕೆಂದರೆ ಹೊಡೆಯುವುದು ನಿಜವಾಗಿಯೂ ಆ ದಾರವೇ.

ಈಗ ಅದೇ ತಂತಿಯನ್ನು ಕಿತ್ತು ಹಂದಿಯ ಕೊರಳಿಗೇ ಸುತ್ತಿದ್ದೀರಿ ಎಂದುಕೊಳ್ಳಿ. ಸ್ವಿಚ್ಚು ದೂರದಲ್ಲಿ ನಿಂತ ಒಬ್ಬರ ಕೈಯಲ್ಲಿದೆ. ಹೊಡೆತ ಎಲ್ಲಿಂದ ಬಂತು, ಯಾಕೆ ಬಂತು ಎನ್ನುವುದು ಹಂದಿಗೆ ಕಾಣುವುದೇ ಇಲ್ಲ. ಆ ಕ್ಷಣ ಕಣ್ಣೆದುರು ಏನಿತ್ತೋ, ಕಿವಿಗೆ ಏನು ಬಿತ್ತೋ ಅದರ ಮೇಲೆ ತಪ್ಪು ಹೊರಿಸುತ್ತದೆ. ರಿಮೋಟ್ ಬೆಲ್ಟ್ ಕಟ್ಟಿದ ನಾಯಿಯ ಪಾಡೂ ಇದೇ.

ಬೆಲ್ಟಿನ ಒಳಭಾಗ ನೋಡಿ. ಬೆರಳಿನ ತುದಿಯಷ್ಟು ಉದ್ದದ ಎರಡು ಲೋಹದ ಮೊಳೆಗಳಿವೆ. ಅವು ಕೂದಲು ದಾಟಿ ಚರ್ಮಕ್ಕೆ ತಾಗಬೇಕು. ಗುಂಡಿ ಒತ್ತಿದಾಗ ಒಂದು ಮೊಳೆಯಿಂದ ಇನ್ನೊಂದಕ್ಕೆ ಚರ್ಮ ಮತ್ತು ಸ್ನಾಯುಗಳ ಮೂಲಕ ವಿದ್ಯುತ್ತಿನ ಸಣ್ಣ ಸಣ್ಣ ಮಿಡಿತಗಳು ಹಾಯುತ್ತವೆ. ಮೈಯೆಲ್ಲ ಸುಡುವಂಥದ್ದಲ್ಲ, ಸರಿಯಾಗಿರುವ ಬೆಲ್ಟಿನಿಂದ ನಾಯಿ ಸಾಯುವುದಿಲ್ಲ. ಆದರೆ ನಂಬರನ್ನು ನಂಬುವ ಹಾಗಿಲ್ಲ. ಒಂದು ಕಂಪನಿಯ 20 ಇನ್ನೊಂದರ 20 ಅಲ್ಲ. ಅದೇ ಬೆಲ್ಟಿನ ಅದೇ 20 ಒಣ ಕೊರಳಿಗೆ ಒಂದು ಥರ, ಕಾಲುವೆಯಲ್ಲಿ ಮುಳುಗಿ ಎದ್ದ ಕೊರಳಿಗೆ ಇನ್ನೊಂದು ಥರ. ಮುಧೋಳ ನಾಯಿಗೆ ಕೂದಲು ಮೋಟು, ಚರ್ಮ ತೆಳು, ಅದರಡಿಯಲ್ಲಿ ಕೊಬ್ಬು ಇಲ್ಲವೇ ಇಲ್ಲ ಎನ್ನಬಹುದು. ದಪ್ಪ ಕೂದಲಿನ ಜರ್ಮನ್ ಶೆಫರ್ಡ್‌ಗೆ ಹೇಳಿದ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಆದ್ದರಿಂದ ಎಷ್ಟಕ್ಕೆ ಇಡಬೇಕು ಎಂಬ ನಿಮ್ಮ ಪ್ರಶ್ನೆಗೆ ಯಾರಾದರೂ ಒಂದು ನಂಬರ್ ಹೇಳಿದರೆ ಅವರ ಮಾತು ಕೇಳಬೇಡಿ.

ನಾನು ತರಬೇತಿಗೆ ಇಳಿದ ಹೊಸದರಲ್ಲಿ ಇಂಥದ್ದೊಂದನ್ನು ಮುಂಗೈಗೆ ಕಟ್ಟಿಕೊಂಡು ನೋಡಿದ್ದೆ. 5ರಲ್ಲಿ ಏನೂ ಇಲ್ಲ. 12ರಲ್ಲಿ ಇರುವೆ ಹರಿದಂತೆ. 25ಕ್ಕೆ ಬೆರಳುಗಳು ತಾವಾಗಿಯೇ ಮಡಚಿಕೊಂಡವು. 40ಕ್ಕೆ ಕೈಯನ್ನು ಎದೆಗೆ ಎಳೆದುಕೊಂಡುಬಿಟ್ಟೆ. ನೋವಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೆ. ಎದುರಿಗೆ ಕೂತಿದ್ದ ಗೆಳೆಯ ಯಾವಾಗ ಒತ್ತುತ್ತಾನೋ ಎಂದು ಅವನ ಕೈಯನ್ನೇ ನೋಡುತ್ತ, ಅವನ ಮಾತು ಒಂದೂ ಕಿವಿಗೆ ಬೀಳದೆ ಕೂತಿದ್ದೆ. ನಾಯಿಗೆ ಏನನ್ನಾದರೂ ಕಲಿಸುವುದಕ್ಕೆ ಅದರ ಮನಸ್ಸು ಹಾಗಿರಬಾರದು.

ಈಗ ಸರ್ಜಾನ ಓಟದ ಲೆಕ್ಕ ಹಾಕೋಣ. ಕುರಿಯ ಹಿಂದೆ ಬಿದ್ದ ಮುಧೋಳ ನಾಯಿ ಗಂಟೆಗೆ 40 ಕಿಲೋಮೀಟರ್ ಓಡುತ್ತದೆ ಎಂದು ಕಡಿಮೆಯೇ ಹಿಡಿಯೋಣ. ಅಂದರೆ ಸೆಕೆಂಡಿಗೆ 11 ಮೀಟರ್. ನಿಮ್ಮ ಕಣ್ಣಿಗೆ ಬಿದ್ದು, ಒತ್ತಬೇಕು ಅನ್ನಿಸಿ, ಹೆಬ್ಬೆರಳು ಗುಂಡಿ ಹುಡುಕುವಷ್ಟರಲ್ಲಿ ಒಂದು ಸೆಕೆಂಡ್ ಆಗುತ್ತದೆ. ರಿಮೋಟು ಜೇಬಿನಲ್ಲಿದ್ದರೆ ಮೂರಾದರೂ ಆದೀತು. ಅಷ್ಟರಲ್ಲಿ ನಾಯಿ 30 ಮೀಟರ್ ಮುಂದೆ. ಕುರಿ ನೋಡಿ ಓಡಬೇಕೆಂದು ಅದು ತೀರ್ಮಾನಿಸಿದ್ದು ಹಿಂದೆಯೇ ಉಳಿಯಿತು. ಈಗ ಅದರ ಎದುರಿಗೆ ಕುರಿಗಾಹಿಯ ಹುಡುಗ ಕೋಲು ಎತ್ತಿ ನಿಂತಿರಬಹುದು. ಹೊಡೆತ ಬೀಳುವುದು ಆಗ. ನಾಯಿ ಕಲಿಯುವುದೇನು? ಕೋಲು ಹಿಡಿದ ಹುಡುಗ ಹತ್ತಿರ ಬಂದರೆ ಕೊರಳಿಗೆ ನೋವು.

ಇದು ಬರೀ ಊಹೆಯಲ್ಲ. ಧಾರವಾಡದ ಒಂದು ಮನೆಗೆ ನನ್ನನ್ನು ಕರೆದಿದ್ದರು. ನಾಲ್ಕು ವರ್ಷದ ಲ್ಯಾಬ್ರಡಾರ್, ಗೇಟಿನ ಹತ್ತಿರ ಬೊಗಳುವುದು ಬಿಡಲಿ ಎಂದು ಬೆಲ್ಟ್ ಕಟ್ಟಿದ್ದರು. ಬೊಗಳುವುದು ನಿಂತಿತ್ತು, ನಿಜ. ಆದರೆ ಅವರು ಗುಂಡಿ ಒತ್ತಿದ್ದೆಲ್ಲ ಸಂಜೆ ಶಾಲೆ ಬಿಟ್ಟ ಹೊತ್ತಿನಲ್ಲಿ, ಓಣಿಯ ಮಕ್ಕಳು ಸೈಕಲ್ಲಿನಲ್ಲಿ ಹಾಯುವಾಗ. ನಾನು ಹೋದಾಗ ಆ ನಾಯಿ ಸೈಕಲ್ ಗಂಟೆ ಕೇಳಿದರೆ ಮಂಚದಡಿ ಹೊಕ್ಕು ನಡುಗುತ್ತಿತ್ತು, ಮನೆಯ ಮೊಮ್ಮಗ ಸೈಕಲ್ ಒಳಗೆ ತಂದರೆ ಹಲ್ಲು ಕಿಸಿದು ಗುರ್ ಎನ್ನುತ್ತಿತ್ತು. ಮೊದಲು ಆ ಹುಡುಗನ ಜೊತೆಯೇ ಮಲಗುತ್ತಿದ್ದ ನಾಯಿ ಅದು. ಬೆಲ್ಟ್ ಬಿಚ್ಚಿ ಕೊರಳ ಕೂದಲು ಸರಿಸಿ ನೋಡಿದರೆ ಮೊಳೆ ಕೂತಿದ್ದ ಜಾಗದಲ್ಲಿ ಬಟಾಣಿ ಕಾಳಿನಷ್ಟು ಎರಡು ಹುಣ್ಣು, ಒಂದರಲ್ಲಿ ಕೀವು. ಶಾಕಿನಿಂದ ಸುಟ್ಟಿದೆ ಎಂದು ಮನೆಯವರು ಗಾಬರಿಯಾದರು. ಸುಟ್ಟದ್ದಲ್ಲ. ಮೂರು ದಿನ ಹಗಲೂ ರಾತ್ರಿ ಬಿಚ್ಚದೆ ಬಿಟ್ಟದ್ದರಿಂದ ಮೊಳೆ ಒತ್ತಿ ಒತ್ತಿ ಚರ್ಮಕ್ಕೆ ರಕ್ತ ಹರಿಯದೆ ಕೊಳೆತದ್ದು, ಹಾಸಿಗೆ ಹಿಡಿದ ರೋಗಿಗೆ ಬೆನ್ನು ಹುಣ್ಣಾಗುವಂತೆ. ಹುಣ್ಣು ಎರಡು ವಾರದಲ್ಲಿ ಮಾಯಿತು. ಸೈಕಲ್ ಭಯ ಹೋಗಲು ಏಳು ತಿಂಗಳು ಹಿಡಿಯಿತು.

ಬೆಲ್ಟ್ ಬಳಸುವ ತರಬೇತುದಾರರೆಲ್ಲ ಕ್ರೂರಿಗಳು ಎಂದು ನಾನು ಹೇಳುವುದಿಲ್ಲ. ನುರಿತವರು ಅದನ್ನು ಬಳಸುವ ರೀತಿಯೇ ಬೇರೆ. ನಾಯಿಗೆ ಬರೀ ತಿಳಿಯುವಷ್ಟು ಸಣ್ಣ ಮಟ್ಟ ಹುಡುಕುತ್ತಾರೆ, ಕರೆಯುವಾಗ ಒತ್ತಿ ಹಿಡಿದು ನಾಯಿ ತಿರುಗಿದ ಕೂಡಲೇ ಬಿಡುತ್ತಾರೆ. ಹಗ್ಗ ಬಿಗಿ ಮಾಡಿ ಸಡಿಲಿಸುವ ಹಾಗೆ. ಆದರೆ ಅವರು ಕೂಡ ಮೊದಲು ಹಗ್ಗದಲ್ಲೇ ಕರೆಗೆ ಬರುವುದನ್ನು ಕಲಿಸಿರುತ್ತಾರೆ. ಬಾ ಎಂದರೆ ಏನೆಂದೇ ತಿಳಿಯದ ನಾಯಿಗೆ ಬೆಲ್ಟ್ ಏನನ್ನೂ ಹೇಳಿಕೊಡುವುದಿಲ್ಲ. ಮತ್ತೊಂದು ತೊಂದರೆ, ಮನೆಯಂಗಳದಲ್ಲಿ 10ಕ್ಕೆ ಕಿವಿ ಕೊಡುವ ನಾಯಿಗೆ ಕುರಿ ಕಂಡು ಮೈಯೆಲ್ಲ ಬಿಸಿಯಾದಾಗ 10 ತಾಗಿದ್ದೇ ಗೊತ್ತಾಗುವುದಿಲ್ಲ. ಆಗ ಜನ 30 ಒತ್ತುತ್ತಾರೆ, ಆಮೇಲೆ 60. ಚೀರಿಕೊಂಡ ನಾಯಿ ನಿಮ್ಮ ಕಡೆಗೆ ಓಡಿ ಬರುತ್ತದೆ ಎಂದು ಯಾರು ಹೇಳಿದರು? ಕುರಿಯನ್ನೂ ಬಿಟ್ಟು, ನಿಮ್ಮನ್ನೂ ಬಿಟ್ಟು, ರಸ್ತೆಗೆ ಬಿದ್ದು ಓಡಿದ ನಾಯಿಗಳಿವೆ.

ಸಂಶೋಧನೆಗಳಲ್ಲಿ ಎರಡು ನಿಮ್ಮ ಪ್ರಶ್ನೆಗೆ ನೇರ ಸಂಬಂಧಿಸಿದವು. ಜರ್ಮನಿಯ ಹ್ಯಾನೋವರ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 14 ಬೀಗಲ್ ನಾಯಿಗಳ ಮುಂದೆ ಮೊಲದ ಬೊಂಬೆ ಓಡಿಸಿದರು. ಒಂದು ಗುಂಪಿಗೆ ಬೊಂಬೆಗೆ ಬಾಯಿ ಹಾಕಿದ ಕ್ಷಣದಲ್ಲೇ ಶಾಕ್, ಇನ್ನೊಂದಕ್ಕೆ ಕರೆದಾಗ ಬರದಿದ್ದರೆ ಶಾಕ್, ಮೂರನೆಯದಕ್ಕೆ ಹೊತ್ತುಗೊತ್ತಿಲ್ಲದ ಶಾಕ್. ಮೈಯ ಒತ್ತಡ ತೋರಿಸುವ ಕಾರ್ಟಿಸಾಲ್ ಹಾರ್ಮೋನು ಹೆಚ್ಚು ಏರಿದ್ದು ಮೂರನೆಯ ಗುಂಪಿಗೆ, ಅದರ ನಂತರ ಎರಡನೆಯದಕ್ಕೆ. ಬಾಯಿ ಹಾಕಿದ ಕ್ಷಣದಲ್ಲೇ ತಾಗಿಸಿಕೊಂಡ ನಾಯಿಗಳಿಗೆ ಅಷ್ಟು ಏರಲಿಲ್ಲ. ಅವುಗಳಿಗೆ ಮಾತ್ರ ಕಾರಣ ಕಂಡಿತ್ತು, ನಿಮ್ಮ ಹಂದಿಗೆ ತಂತಿ ಕಂಡ ಹಾಗೆ. ನೀವು ಮಾಡಹೊರಟಿರುವುದು ಎರಡನೆಯ ಗುಂಪಿನ ಕೆಲಸ, ಹೆಬ್ಬೆರಳು ತಡವಾದರೆ ಮೂರನೆಯದ್ದು.

ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 63 ನಾಯಿಗಳನ್ನು ತೆಗೆದುಕೊಂಡು, ಕರೆದರೆ ಬಾರದಿರುವ, ಕುರಿ ಬೆನ್ನಟ್ಟುವಂಥ ಸಮಸ್ಯೆಗಳಿಗೇ ತರಬೇತಿ ಕೊಡಿಸಿದರು. ಬೆಲ್ಟಿನಲ್ಲಿ ಪಳಗಿದ ತರಬೇತುದಾರರೇ ಬೆಲ್ಟ್ ಹಾಕಿ ಒಂದು ಗುಂಪಿಗೆ, ಅವರೇ ಬೆಲ್ಟ್ ಇಲ್ಲದೆ ಇನ್ನೊಂದಕ್ಕೆ, ತಿಂಡಿ ಆಟಗಳಿಂದಲೇ ಕಲಿಸುವವರು ಮೂರನೆಯದಕ್ಕೆ ಕಲಿಸಿದರು. 2014ರಲ್ಲಿ ಮತ್ತು 2020ರಲ್ಲಿ ಪ್ರಕಟವಾದ ಫಲಿತಾಂಶದ ಸಾರ ಇಷ್ಟು: ಬೆಲ್ಟಿನಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ, ಬೆಲ್ಟ್ ಕಟ್ಟಿದ ನಾಯಿಗಳಲ್ಲಿ ಒತ್ತಡದ ಚಿಹ್ನೆ ಹೆಚ್ಚು ಕಂಡಿತು, ತಿಂಡಿಯಿಂದ ಕಲಿತವು ಕರೆದಾಗ ಬೇಗ ಓಗೊಟ್ಟವು. ಇದಕ್ಕೆ ವಿರುದ್ಧದ ಫಲಿತಾಂಶವೂ ಒಂದಿದೆ, ಮುಚ್ಚಿಡಬಾರದು. ಅಮೆರಿಕದ ಅರಿಜೋನಾದಲ್ಲಿ ಕೆಲಸ ಮಾಡಿದ ಸಂಶೋಧಕರು 2024ರಲ್ಲಿ 19 ನಾಯಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಯಂತ್ರ ಎಳೆದು ಓಡಿಸಿದ ವಸ್ತುವನ್ನು ಬೆನ್ನಟ್ಟುವುದನ್ನು ಬೆಲ್ಟ್ ಕಟ್ಟಿದ ನಾಯಿಗಳು ಕೆಲವೇ ಪಾಠಗಳಲ್ಲಿ ಬಿಟ್ಟವು, ತಿಂಡಿಯ ಗುಂಪಿನವು ಪರೀಕ್ಷೆಗಳಲ್ಲಿ ಬಿಡಲೇ ಇಲ್ಲ. ಅದು ಹುಸಿಯಲ್ಲ. ಶಾಕಿಗೆ ಬೆನ್ನಟ್ಟುವುದನ್ನು ನಿಲ್ಲಿಸುವ ಶಕ್ತಿ ಇದೆ. ಆದರೆ ಅಲ್ಲಿ ತರಬೇತಿ ನಡೆದದ್ದು ಕೆಲವೇ ದಿನ, ಪಳಗಿದ ಕೈ, ಒಂದೇ ಜಾಗ, ಯಂತ್ರ ಎಳೆದ ವಸ್ತು. ನಿಮ್ಮಲ್ಲಿರುವುದು ಜೋಳದ ಹೊಲ, ಇನ್ನೂರು ಕುರಿ, ಅವುಗಳ ನಡುವೆ ಕುರಿಗಾಹಿಯ ಸಂಸಾರ, ಅವರ ನಾಯಿಗಳು. ಅಲ್ಲಿ ಒಂದು ತಪ್ಪು ಒತ್ತಿಗೆ ಬೆಲೆ ತೆರುವವರು ಅವರು.

ನ್ಯೂಜಿಲೆಂಡಿನಲ್ಲಿ ಕೀವಿ ಹಕ್ಕಿ ಉಳಿಸಲು ಇದೇ ಬೆಲ್ಟ್ ಬಳಸುತ್ತಾರೆ ಎಂದು ನಿಮ್ಮ ಅಳಿಯನವರು ಓದಿರಲೂಬಹುದು. ಹೌದು, ಬಳಸುತ್ತಾರೆ. ಅಲ್ಲಿ ಕೀವಿಯ ವಾಸನೆ, ಬೊಂಬೆ ಇಟ್ಟು, ನಾಯಿ ಮೂಸಿದ ಕ್ಷಣಕ್ಕೆ ಅದಕ್ಕೆಂದೇ ತರಬೇತಾದವರು ಒತ್ತುತ್ತಾರೆ, ಆಮೇಲೂ ಕಾಲಕಾಲಕ್ಕೆ ಮರುಪರೀಕ್ಷೆ ಮಾಡುತ್ತಾರೆ. ಮನೆಯವರ ಕೈಗೆ ರಿಮೋಟು ಕೊಟ್ಟು ಕಳಿಸುವ ಪದ್ಧತಿ ಅದಲ್ಲ. ಇತ್ತ ವೇಲ್ಸ್‌ನಲ್ಲಿ 2010ರಿಂದ ಈ ಬೆಲ್ಟಿನ ಬಳಕೆಗೆ ನಿಷೇಧವಿದೆ, ಜರ್ಮನಿಯಲ್ಲೂ ಬಳಸುವಂತಿಲ್ಲ. ನಮ್ಮಲ್ಲಿ ಇದರ ಹೆಸರೆತ್ತಿ ಮಾಡಿದ ಕಾನೂನಿಲ್ಲ. ಆದರೆ ಪ್ರಾಣಿಗಳಿಗೆ ವಿನಾಕಾರಣ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೇ. ಅಷ್ಟೇ ಮುಖ್ಯವಾದ ಇನ್ನೊಂದು: ನಿಮ್ಮ ಕಡೆ ಕಪ್ಪತಗುಡ್ಡದ ಸುತ್ತ, ಎರೆಹೊಲಗಳಲ್ಲಿ ಚಿಗರಿ (ಕೃಷ್ಣಮೃಗ) ಇವೆ. ಇವತ್ತು ಕುರಿಯ ಹಿಂದೆ ಓಡಿದ ನಾಯಿ ನಾಳೆ ಚಿಗರಿಯ ಹಿಂದೆ ಓಡುತ್ತದೆ. ವನ್ಯಜೀವಿ ಕಾಯ್ದೆಯಲ್ಲಿ ಬೆನ್ನಟ್ಟಿಸುವುದೂ ಬೇಟೆಯೇ. ಆಗ ದುಡ್ಡು ಕೊಟ್ಟು ಕೈಮುಗಿದರೆ ಮುಗಿಯುವುದಿಲ್ಲ.

ಸರ್ಜಾನ ಮೇಲೆ ಸಿಟ್ಟಿದ್ದರೆ ಈ ಮಾತನ್ನೂ ಕೇಳಿ. ಅವನು ಕೆಟ್ಟ ನಾಯಿಯಲ್ಲ, ಹೇಳಿದ ಮಾತು ಕೇಳಬಾರದೆಂದು ಹಟ ಹಿಡಿದವನೂ ಅಲ್ಲ. ಮೂಸಿ ಹಿಡಿಯುವ ನಾಯಿ ಬೇರೆ, ನೋಡಿ ಹಿಡಿಯುವ ನಾಯಿ ಬೇರೆ. ಮುಧೋಳದ್ದು ನೋಡಿ ಹಿಡಿಯುವ ತಳಿ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಮುತುವರ್ಜಿಯಿಂದ ಈ ತಳಿಯನ್ನು ಉಳಿಸಿ ಬೆಳೆಸಿದ್ದೇ ಅದರ ಓಟಕ್ಕಾಗಿ, ದೂರದಲ್ಲಿ ಅಲುಗಿದ್ದನ್ನು ಹಿಡಿಯುವ ಆ ಕಣ್ಣಿಗಾಗಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದದ್ದೂ ಅದೇ ಹೆಮ್ಮೆಗೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಒಮ್ಮೆ ಹೋಗಿ ನೋಡಿ ಬನ್ನಿ. ಇಂಥ ನಾಯಿಗೆ ಓಟವೇ ಕೂಲಿ. ಕುರಿ ಸಿಗದಿದ್ದರೂ ಓಡಿದ್ದೇ ಸುಖ. ಪ್ರತಿ ಸಲ ಬೆನ್ನಟ್ಟಿದಾಗ ಆ ಚಟ ಒಂದು ಹೆಜ್ಜೆ ಗಟ್ಟಿಯಾಗುತ್ತದೆ. ಆದ್ದರಿಂದ ತರಬೇತಿಯ ಮೊದಲ ಕೆಲಸ ಪಾಠವೇ ಅಲ್ಲ, ಇವತ್ತಿನಿಂದ ಒಂದೇ ಒಂದು ಸಲವೂ ಕುರಿಯ ಹಿಂದೆ ಓಡಲು ಸಿಗದಂತೆ ನೋಡಿಕೊಳ್ಳುವುದು.

ಅದಕ್ಕೆ ಬೇಲಿ ಬೇಕು. ಮನೆಯ ಹಿತ್ತಲಲ್ಲಿ ಆರು ಅಡಿ ಎತ್ತರದ ಜಾಲರಿ ಹಾಕಿ, ಕೆಳಗೆ ಒಂದು ಗೇಣು ಹೂಳಿ. ನಾಲ್ಕಡಿಯದ್ದನ್ನು ಅವನು ನಿಂತಲ್ಲಿಂದಲೇ ಹಾರುತ್ತಾನೆ. ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕಬೇಡಿ, ಕಟ್ಟಿದ ನಾಯಿಗೆ ಬಿಟ್ಟ ಕೂಡಲೇ ಓಡಬೇಕು ಎನ್ನುವ ಹಸಿವು ದುಪ್ಪಟ್ಟಾಗುತ್ತದೆ. ಬೇಲಿಯೊಳಗೆ ಬೆಳಗ್ಗೆ ಬಿಸಿಲೇರುವ ಮೊದಲು ಇಪ್ಪತ್ತು ನಿಮಿಷ ಚೆನ್ನಾಗಿ ಓಡಿಸಿ. ಉದ್ದ ಬಿದಿರು ಕೋಲಿನ ತುದಿಗೆ ಎರಡು ಮೀಟರ್ ಹಗ್ಗ, ಹಗ್ಗದ ತುದಿಗೆ ಹಳೆಯ ಬಟ್ಟೆಯ ಗಂಟು ಕಟ್ಟಿ ನೆಲದ ಮೇಲೆ ಸರ್ರನೆ ಎಳೆಯಿರಿ. ಹಿಡಿಯಲು ಬಿಡಿ. ಕುರಿ ಚರ್ಮದ ತುಂಡು, ಉಣ್ಣೆ, ಕಂಬಳಿ ಚೂರು ಮಾತ್ರ ಕಟ್ಟಬೇಡಿ, ಆ ವಾಸನೆ ಬೇಟೆಯ ಜೊತೆ ಕೂಡಿಕೊಳ್ಳಬಾರದು.

ಹಗ್ಗವನ್ನು ಎದೆಪಟ್ಟಿಗೆ ಕಟ್ಟಬೇಕು, ಕೊರಳಿಗೆ ಎಂದಿಗೂ ಕಟ್ಟಬಾರದು. 15 ಮೀಟರ್ ಓಡಿ ಹಗ್ಗ ಮುಗಿದಾಗ ಬೀಳುವ ಜಗ್ಗಿಗೆ ಕುತ್ತಿಗೆಯ ಎಲುಬೇ ಹೋದೀತು. ಅಲ್ಲದೆ ಮುಧೋಳದ ತಲೆ ಕೊರಳಿಗಿಂತ ಸಣ್ಣದು, ಹಿಂದೆ ಸರಿದರೆ ಸಾದಾ ಬೆಲ್ಟ್ ಕಳಚಿ ಬರುತ್ತದೆ. ಹಗ್ಗ ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಮುರಿಯುತ್ತದೆ. ಕೈಗವಸು ಹಾಕಿಕೊಂಡು ಹಿಡಿಯಿರಿ, ಉಳಿದದ್ದು ನೆಲದ ಮೇಲೆ ಹರಿದಾಡಲಿ.

ಇನ್ನು ಸೀಟಿ. ಬಾಯಿಂದ ಕರೆಯುವಾಗ ನಮ್ಮ ಸಿಟ್ಟು, ಗಾಬರಿ ದನಿಯಲ್ಲಿ ಬಂದುಬಿಡುತ್ತದೆ. "ಸರ್ಜಾ, ಬಾರೋ" ಎನ್ನುವುದನ್ನು ಅವನು ಈಗಾಗಲೇ ನೂರು ಸಲ ಕೇಳಿ ಬಿಟ್ಟಿದ್ದಾನೆ, ಆ ಮಾತು ಸವೆದು ಹೋಗಿದೆ. ಸೀಟಿ ಹೊಸದು, ಯಾವಾಗಲೂ ಒಂದೇ ದನಿ, ಗಾಳಿಯಲ್ಲೂ ದೂರ ಹೋಗುತ್ತದೆ. ಮೊದಲ ವಾರ ಹೊಲಕ್ಕೆ ಹೋಗಲೇಬೇಡಿ. ಅಡುಗೆಮನೆ ಬಾಗಿಲಲ್ಲಿ, ಪಡಸಾಲೆಯಲ್ಲಿ, ಹಿತ್ತಲಲ್ಲಿ, ಅವನು ನಿಮ್ಮನ್ನು ನೋಡುತ್ತಿರುವಾಗಲೇ ಮೂರು ಸಣ್ಣ ಸೀಟಿ ಹೊಡೆದು ಕೂಡಲೇ ಬೇಯಿಸಿದ ಕೋಳಿ ಕಾರಿಜ ಒಂದು ತುಂಡು ಬಾಯಿಗೆ. ದಿನಕ್ಕೆ ಇಪ್ಪತ್ತು ಸಲ. ರೊಟ್ಟಿ ಚೂರು ಸಾಲದು, ಕುರಿಯನ್ನು ಮರೆಸುವ ತಿಂಡಿ ಬೇಕು. ಈ ಕಾರಿಜ ಸೀಟಿಗೆ ಮಾತ್ರ, ಬೇರೆ ಯಾವಾಗಲೂ ಸಿಗಬಾರದು. ನಾಲ್ಕೈದು ದಿನಕ್ಕೆ ಅವನು ಬೆನ್ನು ತಿರುಗಿಸಿ ಮಲಗಿದ್ದಾಗ ಸೀಟಿ ಹೊಡೆದರೂ ಚಂಗನೆ ಎದ್ದು ಬರುತ್ತಾನೆ. ಅಷ್ಟಾದ ಮೇಲೆ ಹಗ್ಗದೊಂದಿಗೆ ಹೊಲಕ್ಕೆ.

ಕುರಿಗಳಿಂದ ಎಷ್ಟು ದೂರ ನಿಲ್ಲಬೇಕು ಎನ್ನುವುದೇ ಈ ವಿದ್ಯೆಯ ಜೀವಾಳ. ಮೊದಲ ದಿನ 200 ಮೀಟರ್ ದೂರದಲ್ಲಿ ನಿಲ್ಲಿ. ಕುರಿ ಅವನಿಗೆ ಕಾಣಬೇಕು, ಆದರೆ ತಲೆ ಕೆಡಬಾರದು. ಈಗ ಕುರಿಯನ್ನು ನೀವು ನೋಡಬೇಡಿ, ಅವನನ್ನು ನೋಡಿ. ಬಾಯಿ ತೆರೆದು ತೇಕುತ್ತಿದ್ದವನು ತಟ್ಟನೆ ಬಾಯಿ ಮುಚ್ಚುತ್ತಾನೆ. ಕಿವಿಯ ಬುಡ ಮೇಲೇಳುತ್ತದೆ. ಬಾಲ ಅಲುಗುವುದು ನಿಲ್ಲುತ್ತದೆ. ಮುಂಗಾಲೊಂದು ನೆಲದಿಂದ ಒಂದು ಅಂಗುಲ ಎದ್ದು ಹಾಗೇ ನಿಂತಿರುತ್ತದೆ. ಇಲ್ಲಿಂದ ಓಟ ಶುರುವಾಗಲು ಎರಡು ಮೂರು ಸೆಕೆಂಡ್ ಇರುತ್ತದೆ. ನಿಮ್ಮ ಸೀಟಿ ಆ ಸಂದಿಯಲ್ಲಿ ಬೀಳಬೇಕು. ಕಿವಿ ಒಂದು ನಿಮ್ಮ ಕಡೆ ತಿರುಗಿತೋ, ಮುಖ ತಿರುಗಿತೋ, ಕೂಡಲೇ ಹಿಂದೆ ಹಿಂದೆ ಓಡುತ್ತ ಕರೆದು, ಹತ್ತಿರ ಬಂದಾಗ ಒಂದಲ್ಲ, ಒಂದರ ಹಿಂದೊಂದು ಎಂಟು ಹತ್ತು ತುಂಡು ಕೊಡಿ. ಆಮೇಲೆ ಬಟ್ಟೆ ಗಂಟು ಎಳೆದು ಬೆನ್ನಟ್ಟಿಸಿ. ಕುರಿಯನ್ನು ಬಿಟ್ಟು ಬಂದರೆ ಇಲ್ಲಿಯೂ ಓಟ ಸಿಗುತ್ತದೆ ಎಂಬುದು ಅವನಿಗೆ ಗೊತ್ತಾಗಬೇಕು. ಮುಧೋಳ ನಾಯಿಗೆ ಇದು ತಿಂಡಿಗಿಂತ ದೊಡ್ಡ ಕೂಲಿ.

ಸೀಟಿಗೆ ತಿರುಗಲಿಲ್ಲವೇ? ಮತ್ತೆ ಹೊಡೆಯಬೇಡಿ. ನೀವು ನಿಂತ ಜಾಗ ತೀರ ಹತ್ತಿರವಾಯಿತು ಎಂದರ್ಥ. ಹಗ್ಗ ಹಿಡಿದು ಮಾತಿಲ್ಲದೆ 50 ಮೀಟರ್ ಹಿಂದೆ ಸರಿಯಿರಿ. ಒಂದು ದೂರದಲ್ಲಿ ಹತ್ತಕ್ಕೆ ಒಂಬತ್ತು ಸಲ ತಿರುಗಿದ ಮೇಲಷ್ಟೇ 20 ಮೀಟರ್ ಮುಂದೆ. ನಿಂತ ಕುರಿಗಿಂತ ನಡೆಯುವ ಕುರಿ ಕಷ್ಟ, ನಡೆಯುವ ಕುರಿಗಿಂತ ಓಡುವ ಮರಿ ಕಷ್ಟ. ಓಡುವ ಮರಿ ಎದುರಾದಾಗ ದೂರವನ್ನು ಮತ್ತೆ ಮೊದಲಿಗೆ ಒಯ್ಯಿರಿ. ಹಾಗೂ ಹಗ್ಗ ಕೈತಪ್ಪಿ ಓಡಿಯೇಬಿಟ್ಟರೆ, ತಿರುಗಿ ಬಂದಾಗ ಬಡಿಯಬೇಡಿ. ನಿಮ್ಮ ದೃಷ್ಟಿಯಲ್ಲಿ ಅದು ಓಡಿಹೋದದ್ದಕ್ಕೆ ಪೆಟ್ಟು, ಅವನ ಲೆಕ್ಕದಲ್ಲಿ ನಿಮ್ಮ ಹತ್ತಿರ ಬಂದದ್ದಕ್ಕೆ.

ಕುರಿ ಎಲ್ಲಿಂದ ತರುವುದು ಎನ್ನುತ್ತೀರಾ? ಯಾರ ಮರಿ ಸತ್ತಿತೋ ಅವರ ಹತ್ತಿರವೇ ಹೋಗಿ. ಮುಚ್ಚುಮರೆಯಿಲ್ಲದೆ, "ನಾಯಿಗೆ ಬುದ್ಧಿ ಕಲಿಸಬೇಕಾಗೈತ್ರಿ, ದಿನಾ ಅರ್ಧ ತಾಸು ನಿಮ್ಮ ಹಿಂಡಿನ ಆಚೆ ದಿಕ್ಕಿಗೆ ನಿಲ್ತೀವಿ, ಹಗ್ಗ ಬಿಡೂದಿಲ್ಲ" ಎಂದು ಕೇಳಿ, ಅವರ ಹೊತ್ತಿಗೆ ಕೂಲಿ ಕೊಡಿ. ಕುರಿಯ ನಡೆ ಅವರಷ್ಟು ಬಲ್ಲವರಿಲ್ಲ. ಹಿಂಡು ಯಾವ ಕಡೆ ಹೊರಳುತ್ತದೆ, ಯಾವ ಹೊತ್ತಿಗೆ ಮರಿಗಳು ಜಿಗಿದಾಡುತ್ತವೆ ಎಲ್ಲ ಮೊದಲೇ ಹೇಳುತ್ತಾರೆ. ಮೊದಲ ತಿಂಗಳು ಸರ್ಜಾನ ಬಾಯಿಗೆ ಬುಟ್ಟಿಯಂಥ ಮುಖವಾಡ ಹಾಕಿ, ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯ ಹಾಗಿರುತ್ತದೆ. ತೇಕಲು, ನೀರು ಕುಡಿಯಲು, ತುಂಡು ತಿನ್ನಲು ಬರುವಂಥದ್ದೇ ಬೇಕು, ಬಾಯಿ ಬಿಗಿದು ಕಟ್ಟುವ ಬಟ್ಟೆಯದ್ದು ಬೇಡ, ಓಡುವ ನಾಯಿಗೆ ಉಸಿರು ಕಟ್ಟುತ್ತದೆ. ಮನೆಯಲ್ಲಿ ಮೊದಲೇ ಅದರೊಳಗೆ ಕಾರಿಜ ಇಟ್ಟು ರೂಢಿ ಮಾಡಿಸಿ. ಕುರಿಗಾಹಿಗಳ ಕಣ್ಣಿಗೆ ಅದು ಕಂಡರೆ ಅವರ ಜೀವಕ್ಕೂ ಸಮಾಧಾನ.

ಇದಕ್ಕೆಲ್ಲ ಎಷ್ಟು ದಿನ? ದಿನಾ ಎರಡು ಹೊತ್ತು ಹದಿನೈದು ನಿಮಿಷದಂತೆ ನಾಲ್ಕರಿಂದ ಆರು ತಿಂಗಳು. ಆಗ ಹಗ್ಗದ ಮೇಲೆ 30 ಮೀಟರ್ ದೂರದ ಹಿಂಡನ್ನು ನೋಡಿಯೂ ಸೀಟಿಗೆ ತಿರುಗುತ್ತಾನೆ. ಹಗ್ಗ ಬಿಚ್ಚಿ ಕುರಿಗಳ ನಡುವೆ ಬಿಡುವ ದಿನ ಬರುತ್ತದೆಯೇ ಎಂದು ಕೇಳಿದರೆ, ಒಮ್ಮೆ ರಕ್ತದ ರುಚಿ ಕಂಡ ಮುಧೋಳ ನಾಯಿಯ ಬಗ್ಗೆ ಆ ಭರವಸೆ ನಾನು ಕೊಡುವುದಿಲ್ಲ. ಬೆಲ್ಟ್ ಕಟ್ಟಿದರೂ ಕೊಡುತ್ತಿರಲಿಲ್ಲ. ಬ್ಯಾಟರಿ ಸತ್ತ ದಿನ, ಮೊಳೆ ಸರಿದ ದಿನ, ಕಬ್ಬಿನ ಮರೆಯಲ್ಲಿ ಸಿಗ್ನಲ್ ಮುಟ್ಟದ ದಿನ ಎಂಬುದು ಇದ್ದೇ ಇರುತ್ತದೆ. ಬೀಜ ಒಡೆಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ, ಅದಕ್ಕೂ ಬೆನ್ನಟ್ಟುವುದಕ್ಕೂ ಸಂಬಂಧವಿಲ್ಲ.

ಬೆಲ್ಟಿನಲ್ಲಿ ಬರೀ ನಡುಗುವ ಗುಂಡಿಯೂ ಇದೆಯಲ್ಲ, ಅದನ್ನಾದರೂ ಬಳಸಬಹುದೇ ಎಂದು ಕೇಳುವವರಿದ್ದಾರೆ. ಕಿವಿ ಕೇಳದ ನಾಯಿಗೆ ಅದು ಉಪಕಾರವೇ. ನಡುಕ ಬಂದರೆ ತಿಂಡಿ ಎಂದು ಸೀಟಿಯ ಹಾಗೆಯೇ ಕಲಿಸಬೇಕು, ಅದೂ ಹೆದರದ ನಾಯಿಗೆ. ಸರ್ಜಾನ ಕಿವಿ ಚೆನ್ನಾಗಿದ್ದರೆ ಸೀಟಿ ಸಾಕು.

ಇಷ್ಟು ಓದಿಯೂ ಬೆಲ್ಟ್ ಕಟ್ಟುವವರು ಇದ್ದೇ ಇರುತ್ತಾರೆ. ಅವರ ನಾಯಿಗಳ ಸಲುವಾಗಿ ಎರಡು ಮಾತು. ಹೆದರಿ ಕಚ್ಚುವ ನಾಯಿಗೆ, ಮರಿಗೆ, ಬಸುರಿ ನಾಯಿಗೆ, ಹೃದಯದ ತೊಂದರೆ ಅಥವಾ ಮೂರ್ಛೆ ಇರುವ ನಾಯಿಗೆ ಎಂದೂ ಬೇಡ. ಮೊದಲು ನಿಮ್ಮ ಕೈಗೆ ಕಟ್ಟಿಕೊಂಡು ಒತ್ತಿ ನೋಡಿ. ಕೆಲವೇ ತಾಸಿನಲ್ಲಿ ಬಿಚ್ಚಿ, ಕೊರಳು ತಡವಿ ನೋಡಿ, ರಾತ್ರಿ ಕಟ್ಟಿ ಮಲಗಿಸಬೇಡಿ. ರಿಮೋಟು ಮಕ್ಕಳ ಕೈಗೆ ಸಿಗದ ಜಾಗದಲ್ಲಿರಲಿ. ಪಳಗಿದವರು ಪಕ್ಕದಲ್ಲಿ ಇಲ್ಲದಿದ್ದರೆ ಶಾಕ್ ಗುಂಡಿ ಮುಟ್ಟಲೇಬೇಡಿ.

ನೀವು ಮಾತ್ರ ಒಂದು ಸಣ್ಣ ನೋಟ್‌ಬುಕ್ ಇಡಿ. ದಿನಾಂಕ, ಕುರಿ ಎಷ್ಟು ದೂರ ಇತ್ತು, ನಿಂತಿತ್ತೋ ನಡೆಯುತ್ತಿತ್ತೋ, ಸೀಟಿಗೆ ಹತ್ತರಲ್ಲಿ ಎಷ್ಟು ಸಲ ತಿರುಗಿದ, ಇಷ್ಟೇ ಬರೆಯಿರಿ. ಬದುವಿನ ಕಲ್ಲು, ಬೇವಿನ ಗಿಡ, ವಿದ್ಯುತ್ ಕಂಬ ಯಾವುದಾದರೂ ಗುರುತು ಇಟ್ಟುಕೊಂಡರೆ ದೂರ ಅಳೆಯಲು ಸುಲಭ. ಆರು ವಾರದ ಪುಟಗಳನ್ನು ಫೋಟೋ ತೆಗೆದು ನನಗೆ ಕಳಿಸಿ, ಜೊತೆಗೆ ಎದೆಪಟ್ಟಿ ಹಾಕಿದ ಸರ್ಜಾನದೊಂದು ಫೋಟೋ, ಕಂಕುಳಲ್ಲಿ ಎಲ್ಲಾದರೂ ಉಜ್ಜುತ್ತಿದೆಯೋ ನೋಡಿ ಹೇಳುತ್ತೇನೆ.